ಜಗಳೂರಿನ ತೆನೆ, ಹೊನ್ನಾಳಿಯ ತೆನೆ

ಚನ್ನಗಿರಿ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ವೇದಿಕೆ ಮೇಲೆ ಮಕ್ಕಳು ಸಿನಿಮಾ ಹಾಡಿಗೆ ಕುಣಿಯುತ್ತಿದ್ದರು. ಕೆಳಗೆ ಮಂಡಕ್ಕಿ-ಮಿರ್ಚಿ ಗಾಡಿಗೂ ಐಸ್‌ಕ್ರೀಮ್ ಡಬ್ಬಿಗೂ ನಡುವೆ ಮೇಜು ಹಾಕಿಕೊಂಡು ಟೈ ಕಟ್ಟಿದ ಹುಡುಗನೊಬ್ಬ ಕೂತಿದ್ದ. ಮೇಜಿನ ಮೇಲೆ ಲ್ಯಾಪ್‌ಟಾಪು. ಪಕ್ಕದಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಇರುತ್ತದಲ್ಲ, ಅಂಥದ್ದೇ ಹೆಬ್ಬೆಟ್ಟು ಒತ್ತುವ ಯಂತ್ರ. ಮಗುವಿನ ಹತ್ತೂ ಬೆರಳು ಒತ್ತಿಸಿಕೊಂಡರೆ ಅದಕ್ಕೆ ಹುಟ್ಟಿನಿಂದ ಬಂದ ಬುದ್ಧಿ ಯಾವುದು, ಗಣಿತ ಎಷ್ಟು, ಸಂಗೀತ ಎಷ್ಟು, ಮುಂದೆ ಏನು ಓದಿಸಬೇಕು ಅಂತ ಬಣ್ಣಬಣ್ಣದ ವರದಿ ಬರುತ್ತದಂತೆ. ಗುರುತಿನ ಅಡಿಕೆ ವ್ಯಾಪಾರಿಯೊಬ್ಬರು ನಾಲ್ಕನೇ ತರಗತಿಯ ಮಗನನ್ನು ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದರು. ನನ್ನನ್ನು ಕಂಡು, "ನೀವು ಬರಿಯೋರು, ಹೇಳ್ರಿ. ಇವನಿಗೆ ಸೈನ್ಸ್ ಹತ್ತುತ್ತೋ ಇಲ್ವೋ ಅಂತ ಈ ಮಿಷನ್ ಹೇಳುತ್ತಂತೆ, ಖರೇನಾ?" ಅಂದರು.

"ಚೀಲದ ಬಣ್ಣ ನೋಡಿ ರಾಶಿ ಅಡಿಕೆಗೆ ರೇಟು ಕಟ್ಟುತ್ತೀರಾ?" ಅಂದೆ. ನಕ್ಕರು. ನಕ್ಕು ದುಡ್ಡು ಕೊಟ್ಟರು. "ಎಲ್ರೂ ಮಾಡಿಸ್ತಿದಾರಲ್ರೀ, ನಮ್ಮ ಹುಡುಗ ಯಾಕೆ ಬಿಡಬೇಕು?"

ಬೆರಳ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ನಿಜ. ಅದಕ್ಕೂ ಲೆಕ್ಕ ಬಿಡಿಸುವ ಬುದ್ಧಿಗೂ ನಂಟಿದೆ ಅನ್ನುವುದಕ್ಕೆ ಆಧಾರವಿಲ್ಲ. ಭಾರತೀಯ ಮನೋವೈದ್ಯರ ಸಂಘವೇ ಈ ಬೆರಳಚ್ಚು ಪರೀಕ್ಷೆಗೆ ವೈಜ್ಞಾನಿಕ ಬುಡವಿಲ್ಲ ಅಂದಿದೆ. ಹಣೆಬರಹ ಓದುತ್ತಿದ್ದ ಕಸುಬು ಹಣೆಯಿಂದ ಬೆರಳಿಗೆ ಇಳಿದಿದೆ, ಅಷ್ಟೆ. ಆದರೆ ಆ ಅಪ್ಪನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲು ಆಗಲಿಲ್ಲ. ಶಾಲೆಯ ಸ್ಟಾಫ್ ರೂಮುಗಳಲ್ಲಿ ದಿನಾ ಕೇಳುವ ಮಾತೇ ಅದು. "ಅವನಿಗೆ ತಲೆಗೆ ಹತ್ತಲ್ಲ ಬಿಡ್ರಿ", "ಅವರ ವಂಶದಾಗೇ ವಿದ್ಯೆ ಇಲ್ಲ", "ನೂಲಿನಂತೆ ಸೀರೆ". ಓದು ರಕ್ತದಲ್ಲಿ ಬರುತ್ತದೆಯೇ? ಬರುವುದಾದರೆ ಶಾಲೆಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ಇದನ್ನು ಗಂಭೀರವಾಗಿ ಹುಡುಕುತ್ತಿರುವ ವಿಜ್ಞಾನಿಗಳೂ ಇದ್ದಾರೆ. ಬೆರಳನ್ನಲ್ಲ, ಡಿಎನ್‌ಎಯನ್ನು ನೋಡುವವರು. ಲಕ್ಷಾಂತರ ಜನರ ಎಂಜಲಿನಿಂದಲೋ ರಕ್ತದಿಂದಲೋ ಡಿಎನ್‌ಎ ತೆಗೆದು, ಯಾರು ಎಷ್ಟು ವರ್ಷ ಓದಿದ್ದಾರೆ ಎಂಬುದರ ಪಕ್ಕಕ್ಕಿಟ್ಟು ತಾಳೆ ನೋಡುತ್ತಾರೆ. 2013ರಲ್ಲಿ ಸುಮಾರು ಒಂದೂಕಾಲು ಲಕ್ಷ ಜನರನ್ನು ಜಾಲಿಸಿದಾಗ ಓದಿನ ಜೊತೆ ಖಚಿತವಾಗಿ ತಾಳೆಯಾದದ್ದು ಡಿಎನ್‌ಎಯ ಬರೀ ಮೂರು ತಾಣ. 2018ರಲ್ಲಿ ಜನರ ಸಂಖ್ಯೆ 11 ಲಕ್ಷಕ್ಕೇರಿತು, ತಾಣಗಳು 1,271 ಆದವು. 2022ರಲ್ಲಿ 30 ಲಕ್ಷ ಜನ, 3,952 ತಾಣ. ಹೀಗಾಗಿ 'ಬುದ್ಧಿಯ ಜೀನು' ಅಂತ ಒಂದು ಇದೆ, ಅದು ಇದ್ದವನು ಐಎಎಸ್, ಇಲ್ಲದವನು ಎಮ್ಮೆ ಕಾಯಬೇಕು ಎಂಬ ಕತೆ ಅಲ್ಲಿಗೇ ಸತ್ತಿತು. ಇರುವುದು ಸಾವಿರಾರು ಚೂರು. ಒಂದೊಂದರ ಪ್ರಭಾವ ಕೆಲವು ದಿನಗಳ ಶಾಲೆಗೂ ಕೆಲವು ವಾರಗಳ ಶಾಲೆಗೂ ನಡುವೆ ಎಲ್ಲೋ ಇದೆ. ಎಲ್ಲವನ್ನೂ ಕೂಡಿಸಿ ಒಬ್ಬೊಬ್ಬರಿಗೆ ಒಂದು ಅಂಕ ಕೊಟ್ಟರೆ, ಜನರ ಓದಿನ ವರ್ಷಗಳಲ್ಲಿ ಕಾಣುವ ಏರುಪೇರಿನಲ್ಲಿ ನೂರಕ್ಕೆ 12ರಿಂದ 16ರಷ್ಟನ್ನು ಆ ಅಂಕ ಹಿಡಿಯುತ್ತದೆ.

ಈ ಸಂಖ್ಯೆ ಕೇಳಿ ಕೆಲವರು ಹೌಹಾರುತ್ತಾರೆ, ಕೆಲವರು ಇಷ್ಟೇನಾ ಅನ್ನುತ್ತಾರೆ. ದೊಡ್ಡ ಗುಂಪನ್ನು ಅಭ್ಯಾಸ ಮಾಡುವವರಿಗೆ ಇದು ಸಣ್ಣದಲ್ಲ. ಆದರೆ ಎದುರಿಗೆ ನಿಂತ ಒಂದು ಮಗುವಿನ ಬಗ್ಗೆ ಹೇಳಲು ಏನೇನೂ ಸಾಲದು. ಒಂದೇ ಅಂಕ ಬಂದ ಇಬ್ಬರಲ್ಲಿ ಒಬ್ಬಳು ಪಿಎಚ್‌.ಡಿ. ಮಾಡಿರುತ್ತಾಳೆ, ಇನ್ನೊಬ್ಬ ಪಿಯುಸಿ ಬಿಟ್ಟಿರುತ್ತಾನೆ. ಮತ್ತೂ ಒಂದು ವಿಷಯವಿದೆ. ಈ ಲಕ್ಷಗಳೆಲ್ಲ ಯುರೋಪ್ ಮೂಲದ ಬಿಳಿಯರವು. ಅದೇ ಅಂಕವನ್ನು 2018ರಲ್ಲಿ ಆಫ್ರಿಕನ್ ಅಮೆರಿಕನ್ನರ ಮೇಲೆ ಪ್ರಯೋಗಿಸಿದರೆ ನೂರಕ್ಕೆ ಹತ್ತರಾಚೆ ಇದ್ದದ್ದು ಒಂದೂವರೆಯ ಆಸುಪಾಸಿಗೆ ಕುಸಿಯಿತು. ಅಟ್ಲಾಂಟಿಕ್ ದಾಟಿದವರಿಗೇ ಹೊಂದದ ಅಂಗಿಯನ್ನು ನ್ಯಾಮತಿಯ ಹುಡುಗಿಗೆ ತೊಡಿಸುವುದು ಹೇಗೆ?

ಅಂಕಿಗಳನ್ನು ಬದಿಗಿಟ್ಟು ಹೊಲಕ್ಕೆ ಹೋಗೋಣ. ತಳಿವಿಜ್ಞಾನ ಅನ್ನುವಾಗ ನಮ್ಮ ಕಡೆಯವರ ಮನಸ್ಸಿಗೆ ಮೊದಲು ಬರುವ ತಳಿ ಬೀಜದ್ದೇ ತಾನೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಜಗಳೂರು ಸೀಮೆಗೆ. ಹೆಂಡತಿಯ ತವರು ಹೊನ್ನಾಳಿಯ ಹೊಳೆ ದಂಡೆ. ಒಂದು ವರ್ಷ ಮುಂಗಾರಿಗೆ ಭಾವನೂ ಮಾವನವರೂ ದಾವಣಗೆರೆಯ ಒಂದೇ ಅಂಗಡಿಯಲ್ಲಿ, ಒಂದೇ ಕಂಪನಿಯ, ಒಂದೇ ಲಾಟಿನ ಮೆಕ್ಕೆಜೋಳದ ಪಾಕೀಟು ಕೊಂಡರು. ಮಾವನವರದು ಎರೆ ನೆಲ, ಮೋಟರ್ ಹಾಕಿದರೆ ನೀರು. ಭಾವನದು ಮಸಾರಿ, ಮಳೆ ಬಂದರೆ ಉಂಟು. ಜಗಳೂರಿಗೆ ಆ ವರ್ಷ ಸೂಲಂಗಿ ಒಡೆಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ದೀಪಾವಳಿಗೆ ಹೋದಾಗ ಭಾವ ಒಂದು ತೆನೆ ತಂದು ನನ್ನ ಮುಂದೆ ರವದಿ ಸುಲಿದರು. ಬುಡದಲ್ಲಿ ನಾಲ್ಕು ಸಾಲು ಕಾಳು, ನಡುವೆ ಅಲ್ಲಲ್ಲಿ ಉದುರಿದ ಹಲ್ಲಿನಂಥ ಸಂದು, ತುದಿ ಬೋಳು. "ಬೀಜ ಡೂಪ್ಲಿಕೇಟು ಕಣೋ. ಮೋಸ ಮಾಡ್ಯಾರೆ" ಅಂದರು. ಹೊನ್ನಾಳಿಯ ತೆನೆ ಕಾರಿನಲ್ಲೇ ಇತ್ತು, ಮಕ್ಕಳಿಗೆ ಸುಟ್ಟುಕೊಡಲು ಅಂತ ತಂದದ್ದು. ತುದಿಯವರೆಗೂ ಒತ್ತಿ ಕಾಳು. ಪಕ್ಕಪಕ್ಕ ಇಟ್ಟೆ. ಭಾವ ಬಹಳ ಹೊತ್ತು ಎರಡನ್ನೂ ಕೈಯಲ್ಲಿ ಹಿಡಿದು ತೂಗಿದರು, ಏನೂ ಅನ್ನಲಿಲ್ಲ.

ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಮುಂದಿಟ್ಟ ಉದಾಹರಣೆ ಹೆಚ್ಚುಕಡಿಮೆ ಇದೇ. ಒಂದೇ ಚೀಲದ ಬೀಜವನ್ನು ಎರಡು ಪಾಲು ಮಾಡಿ ಒಂದನ್ನು ಗೊಬ್ಬರವಿರುವ ಮಣ್ಣಿಗೂ ಇನ್ನೊಂದನ್ನು ಸಾರವಿಲ್ಲದ ಮಣ್ಣಿಗೂ ಹಾಕಿ. ಒಂದೇ ಹೊಲದೊಳಗೆ ಒಂದು ಗಿಡಕ್ಕೂ ಇನ್ನೊಂದಕ್ಕೂ ಇರುವ ಎತ್ತರದ ವ್ಯತ್ಯಾಸಕ್ಕೆ ಬೀಜವೇ ಕಾರಣ, ಏಕೆಂದರೆ ಆ ಹೊಲದೊಳಗೆ ಮಣ್ಣು ಎಲ್ಲರಿಗೂ ಒಂದೇ. ಎರಡು ಹೊಲಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ಬೀಜ ಕಾರಣವೇ ಅಲ್ಲ, ಪೂರ್ತಿ ಮಣ್ಣಿನದು. ಅವಳಿ ಮಕ್ಕಳನ್ನು ಅಭ್ಯಾಸ ಮಾಡಿದವರು ಓದಿನ ವರ್ಷಗಳ ಏರುಪೇರಿನಲ್ಲಿ ನೂರಕ್ಕೆ ಸುಮಾರು 40 ಪಾಲು ಆನುವಂಶಿಕ ಅನ್ನುತ್ತಾರಲ್ಲ, ಅದು ಒಂದು ಹೊಲದೊಳಗಿನ ಲೆಕ್ಕ. ಅದನ್ನು ಹಿಡಿದು ಜಗಳೂರಿನ ಮಕ್ಕಳಿಗೂ ಬೆಂಗಳೂರಿನ ಮಕ್ಕಳಿಗೂ ಇರುವ ಅಂತರವನ್ನು ವಿವರಿಸಲು ಹೊರಟವರು ಭಾವನ ಹಾಗೆ ಬೀಜಕ್ಕೆ ಬೈಯುತ್ತಾರೆ.

ಈ ಲೆಕ್ಕ ಹುಟ್ಟಿದ್ದರಲ್ಲಿ ಹೊಲದ ಪಾಲೂ ಇದೆ. ಆನುವಂಶಿಕ ಪಾಲು ಎಷ್ಟು, ಪರಿಸರದ್ದೆಷ್ಟು ಅಂತ ಬಿಡಿಸುವ ಗಣಿತಕ್ಕೆ ಬುನಾದಿ ಹಾಕಿದ್ದು ಆರ್. ಎ. ಫಿಶರ್ ಎಂಬ ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ, 1918ರಲ್ಲಿ. ಮರುವರ್ಷವೇ ಅವರು ಸೇರಿದ್ದು ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸಂಶೋಧನಾ ಕೇಂದ್ರಕ್ಕೆ ಹೋದ ರೈತರು ಪ್ಲಾಟು ಪ್ಲಾಟಾಗಿ ಕಡ್ಡಿ ನೆಟ್ಟು ಚೀಟಿ ಬರೆದಿರುವುದನ್ನು ನೋಡಿರುತ್ತಾರೆ. ಒಂದು ತಳಿಯನ್ನು ಒಂದೇ ಮೂಲೆಯಲ್ಲಿ ಹಾಕದೆ ಅಲ್ಲಲ್ಲಿ ಚದುರಿಸಿ ಹಾಕುವ ಆ ಪದ್ಧತಿ ಫಿಶರ್ ಕಲಿಸಿದ್ದು. ಯಾವ ತಳಿಗೂ ಒಳ್ಳೆಯ ಮಣ್ಣು ಸುಮ್ಮನೆ ಸಿಕ್ಕಿಬಿಡಬಾರದು ಅನ್ನುವ ಎಚ್ಚರ ಅದು. ಮಕ್ಕಳನ್ನು ಹಾಗೆ ಚೀಟಿ ಎತ್ತಿ ಹಂಚಲು ಬರುವುದಿಲ್ಲ. ಓದಿದ ಅಪ್ಪ ಅಮ್ಮನ ಮಗುವಿಗೆ ಬೀಜದ ಜೊತೆಗೇ ಎರೆ ಹೊಲವೂ ಸಿಕ್ಕಿರುತ್ತದೆ. (ಫಿಶರ್ ಸ್ವತಃ 'ಒಳ್ಳೆ ತಳಿ'ಯ ಮನುಷ್ಯರನ್ನು ಹೆಚ್ಚಿಸಬೇಕೆಂಬ ಯೂಜೆನಿಕ್ಸ್ ಪಂಥದವರಾಗಿದ್ದರು. ಹೊಲದಲ್ಲಿ ಇಟ್ಟ ಎಚ್ಚರವನ್ನು ಮನೆಯಲ್ಲಿ ಇಡದವರು ಅವರೊಬ್ಬರೇ ಅಲ್ಲ.)

ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಜಗಳೂರು, ಚನ್ನಗಿರಿ, ಹೊನ್ನಾಳಿ ಮೂರೂ ಅದರಲ್ಲಿದ್ದವು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲೇ ಇತ್ತು. ಸಮಿತಿ ಯಾರ ರಕ್ತವನ್ನೂ ಪರೀಕ್ಷಿಸಲಿಲ್ಲ, ಅಳೆದದ್ದು ಮಣ್ಣನ್ನು.

ಹಾಗಾದರೆ ತಳಿವಿಜ್ಞಾನ ನಮಗೆ ಬೇಡವೇ? ಬೇಕು. ನನಗೆ ಅದರಲ್ಲಿ ತುಂಬಾ ಇಷ್ಟವಾಗುವುದು ಒಂದು ತಲೆಕೆಳಗಾದ ಮಾತು. ಮನೋವಿಜ್ಞಾನಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಏಳು ವರ್ಷದ ಅವಳಿಗಳ ಬುದ್ಧಿಮಾಪನ ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ಮಕ್ಕಳ ನಡುವಿನ ವ್ಯತ್ಯಾಸಕ್ಕೆ ಬಹುಪಾಲು ಜೀನುಗಳೇ ಕಾರಣವಾಗಿದ್ದವು. ತೀರಾ ಬಡ ಮನೆಗಳಲ್ಲಿ ಜೀನುಗಳ ಪಾಲು ಸೊನ್ನೆಯ ಹತ್ತಿರವಿತ್ತು. ಬೀಜದೊಳಗೆ ಏನಿದೆ ಅಂತ ತೋರಿಸಿಕೊಳ್ಳಲೂ ನೀರು ಬೇಕು ಅಂತಾಯಿತು. ಮುಂದೆ ಬೇರೆಯವರು ಹುಡುಕಿದಾಗ ಯುರೋಪಿನ ದೇಶಗಳಲ್ಲಿ ಈ ಬಡವ-ಬಲ್ಲಿದ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಡವರ ಮಕ್ಕಳಿಗೂ ಆಸ್ಪತ್ರೆ, ಶಾಲೆ ಒಂದು ಮಟ್ಟಕ್ಕೆ ಸಿಗುವುದು ಕಾರಣವಿರಬಹುದು ಅಂತ ಅವರ ಊಹೆ. ಎಸ್ಟೋನಿಯಾದಲ್ಲಿ ಸೋವಿಯತ್ ಆಡಳಿತ ಮುಗಿದ ಮೇಲೆ ಬೆಳೆದವರಲ್ಲಿ ಓದಿನ ಆನುವಂಶಿಕ ಪಾಲು ಹೆಚ್ಚಿರುವುದನ್ನು 2018ರಲ್ಲಿ ಒಂದು ತಂಡ ತೋರಿಸಿತು. ಆನುವಂಶಿಕ ಪಾಲು ಹೆಚ್ಚಾಯಿತು ಅಂದರೆ ಕೆಲವೊಮ್ಮೆ ಅಡ್ಡಗೋಡೆಗಳು ಬಿದ್ದಿವೆ ಅಂತ ಅರ್ಥ. ಶಿಕ್ಷಣ ಇಲಾಖೆಯ ಕೆಲಸವನ್ನು ಅಳೆಯಲು ಇದಕ್ಕಿಂತ ವಿಚಿತ್ರ ಅಳತೆಗೋಲು ಸಿಗಲಿಕ್ಕಿಲ್ಲ.

ಅಡ್ಡಗೋಡೆ ಇರುವಲ್ಲಿ ಡಿಎನ್‌ಎ ನಮ್ಮನ್ನು ಹೇಗೆ ಬೇಸ್ತು ಬೀಳಿಸುತ್ತದೆ ನೋಡಿ. 1951ರ ಜನಗಣತಿಯಲ್ಲಿ ದೇಶದ ಗಂಡಸರಲ್ಲಿ ನೂರಕ್ಕೆ 27 ಮಂದಿ ಅಕ್ಷರಸ್ಥರು, ಹೆಂಗಸರಲ್ಲಿ 9ಕ್ಕೂ ಕಡಿಮೆ. ಆವತ್ತು ಯಾರಾದರೂ ಈಗಿನ ಯಂತ್ರ ತಂದು ಜಗಳೂರಿನ ಸಂತೆಯಲ್ಲಿ ಎಲ್ಲರ ಡಿಎನ್‌ಎ ತೆಗೆದು ಓದಿನ ಜೀನು ಹುಡುಕಿದ್ದರೆ ಏನು ಸಿಗುತ್ತಿತ್ತು? ವೈ ಕ್ರೋಮೋಸೋಮು! ಅದು ಇದ್ದವರಲ್ಲಿ ಓದಿದವರು ಹೆಚ್ಚು, ಇಲ್ಲದವರಲ್ಲಿ ತೀರಾ ಕಡಿಮೆ. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ. ತಪ್ಪಿದ್ದದ್ದು ಹೆಣ್ಣುಮಕ್ಕಳನ್ನು ಕಳಿಸದ ಮನೆಗಳಲ್ಲಿ, ಅವರಿಗೆ ಶಾಲೆ ಇಡದ ಊರುಗಳಲ್ಲಿ. ಈಗ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಪತ್ರಿಕೆ ತೆರೆದರೆ ಹುಡುಗಿಯರದೇ ಮೇಲುಗೈ. ಎಪ್ಪತ್ತು ವರ್ಷದಲ್ಲಿ ಯಾರ ಕ್ರೋಮೋಸೋಮೂ ಬದಲಾಗಿಲ್ಲ.

ತಳಿವಿಜ್ಞಾನಿಗಳು ತಮ್ಮನ್ನು ತಾವೇ ಎಚ್ಚರಿಸಿಕೊಳ್ಳಲು ಹೇಳುವ 'ಚಾಪ್‌ಸ್ಟಿಕ್ ಜೀನಿ'ನ ಕತೆಯೂ ಇಂಥದ್ದೇ. ಕಡ್ಡಿಯಲ್ಲಿ ಊಟ ಮಾಡುವವರ ಡಿಎನ್‌ಎ ಹುಡುಕಿದರೆ ಚೀನೀಯರಲ್ಲಿ ಹೆಚ್ಚಾಗಿರುವ ಯಾವುದೋ ಜೀನು ಸಿಕ್ಕಿ, ಅದೇ ಕಡ್ಡಿ ಹಿಡಿಯುವ ಕೈಚಳಕ ಕೊಡುತ್ತದೆ ಅನ್ನಿಸಿಬಿಡುತ್ತದೆ. ನಮ್ಮ ದಾವಣಗೆರೆ ಜಿಲ್ಲೆಗೆ ತಂದರೆ ಅದು ಮುದ್ದೆ ಜೀನು. ಮುದ್ದೆ ಉಣ್ಣುವವರು, ರೊಟ್ಟಿ ತಿನ್ನುವವರು ಇಬ್ಬರೂ ಇರುವ ನಾಡು ಇದು. ಯಾರ ಮನೆಯಲ್ಲಿ ಯಾವುದು ಬೇಯುತ್ತದೆ ಅನ್ನುವುದು ಊರಿನ, ಜಾತಿಯ ಜೊತೆ ಹೋಗುತ್ತದೆ. ಜಾತಿ ಡಿಎನ್‌ಎಯಲ್ಲಿ ಗುರುತು ಬಿಟ್ಟಿದೆ. ನಮ್ಮ ಜನ ಸುಮಾರು 1,900 ವರ್ಷಗಳ ಹಿಂದಿನವರೆಗೆ ಬೆರೆಯುತ್ತಿದ್ದು ಆಮೇಲೆ ಒಳಗೊಳಗೇ ಕೊಟ್ಟುತರಲು ತೊಡಗಿದರು ಅಂತ ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೀಶ್ ಅವರ ತಂಡ 2013ರಲ್ಲೇ ಹೇಳಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿ, 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ಕಾಯಿಲೆಗಳ ಅಭ್ಯಾಸಕ್ಕೆ ಅದು ದೊಡ್ಡ ಆಸ್ತಿ. ಆದರೆ ಯಾರಾದರೂ ನಾಳೆ ಅದೇ ದಾರಿಯಲ್ಲಿ ಓದಿನ ಅಂಕ ತೆಗೆಯಲು ಹೊರಟರೆ ಯಂತ್ರ ಮೊದಲು ಪತ್ತೆಹಚ್ಚುವುದು ಬುದ್ಧಿಯನ್ನಲ್ಲ, ಯಾರ ಅಜ್ಜ ಶಾಲೆಯ ಒಳಗೆ ಕೂತಿದ್ದ, ಯಾರ ಅಜ್ಜ ಹೊರಗೆ ನಿಂತಿದ್ದ ಅನ್ನುವುದನ್ನು.

ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನಾಲ್ಕೂ ಹಳೇ ಮೈಸೂರು ಸಂಸ್ಥಾನದಲ್ಲಿದ್ದವು. ಯಾರು ಹೊರಗೆ ನಿಂತಿದ್ದಾರೆ ಅಂತ ಎಣಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿತ್ತು. ಮರುವರ್ಷ ಬಂದ ವರದಿ ಹಿಂದುಳಿದ ವರ್ಗಗಳಿಗೆ ಓದಿನಲ್ಲೂ ನೌಕರಿಯಲ್ಲೂ ನೆರವು, ಮೀಸಲು ಬೇಕು ಅಂದಿತು. ಇಂಗ್ಲೆಂಡಿನಲ್ಲಿ ಫಿಶರ್ ಲೆಕ್ಕ ಬರೆದದ್ದೂ ಅದೇ 1918. ಈ ಎರಡು ಕಡತಗಳಲ್ಲಿ ಮೈಸೂರಿನದು ನಮ್ಮ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬಂತು ಅನ್ನುವುದು ನನ್ನ ಎಣಿಕೆ.

ಮಕ್ಕಳ ಬುದ್ಧಿಯನ್ನೇ ಅಳೆಯುವ ಕೆಲಸವೂ ಆಗಲೇ ನಮ್ಮ ಕಡೆಗೆ ಬಂದಿತ್ತು. ಹೊನ್ನಾಳಿ ಸೀಮೆಯ ಆಚೆಗೆ, ಈಗಿನ ಹಾವೇರಿ ಕಡೆ, ಆಗ ಮುಂಬೈ ಪ್ರಾಂತ್ಯ. ಅಲ್ಲಿ 1930ರ ದಶಕದಲ್ಲಿ ವಿ. ವಿ. ಕಾಮತ್ ಎಂಬುವರು ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತಲೇ ಅದಕ್ಕೆ ಹೆಸರು. ಬುದ್ಧಿಮಾಂದ್ಯತೆಯ ಪ್ರಮಾಣಪತ್ರಕ್ಕೆ ಇಂದಿಗೂ ಅದನ್ನು ಬಳಸುವ ಕಡೆಗಳಿವೆ. ಆಲ್ಫ್ರೆಡ್ ಬಿನೆ 1905ರಲ್ಲಿ ಮೂಲ ಪರೀಕ್ಷೆ ಮಾಡಿದ್ದು ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಗುವಿಗೆ ಹೆಚ್ಚು ಆಸರೆ ಬೇಕು ಅಂತ ತಿಳಿಯಲು. ಬುದ್ಧಿ ಅಚಲ ಅನ್ನುವವರ ಮೇಲೆ ಅವರಿಗೆ ಸಿಟ್ಟಿತ್ತು. ಇಂಗ್ಲೆಂಡಿನ ಮನೋವಿಜ್ಞಾನಿ ಸಿರಿಲ್ ಬರ್ಟ್ ಕೈಗೆ ಹೋಗುವ ಹೊತ್ತಿಗೆ ಅದೇ ಅಳತೆ ಜರಡಿಯಾಯಿತು. ಹನ್ನೊಂದನೇ ವಯಸ್ಸಿಗೆ ಪರೀಕ್ಷೆ ಮಾಡಿ ಮಕ್ಕಳನ್ನು ಒಳ್ಳೆಯ ಶಾಲೆ, ಸಾಧಾರಣ ಶಾಲೆ ಅಂತ ವಿಂಗಡಿಸುವ ಪದ್ಧತಿಗೆ ಬರ್ಟ್ ವಿಚಾರಗಳು ಬೆಂಬಲವಾದವು. ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಬುದ್ಧಿಯೂ ಒಂದೇ ಅಂತ ತೋರಿಸುವ ಅಂಕಿಗಳು ಅವರ ಬಳಿ ಇದ್ದವು. ಅವರು ತೀರಿಕೊಂಡ ಮೇಲೆ, 1970ರ ದಶಕದಲ್ಲಿ, ಮನೋವಿಜ್ಞಾನಿ ಲಿಯೊನ್ ಕಾಮಿನ್ ಒಂದು ವಿಚಿತ್ರ ಗಮನಿಸಿದರು. ಅವಳಿಗಳ ಸಂಖ್ಯೆ ವರದಿಯಿಂದ ವರದಿಗೆ ಹೆಚ್ಚಿದರೂ ಅವುಗಳ ಹೋಲಿಕೆಯ ಅಂಕ ಮೂರನೇ ದಶಮಾಂಶದವರೆಗೆ ಅಲುಗಾಡದೆ 0.771 ಆಗಿಯೇ ನಿಂತಿತ್ತು. ಮೋಸವೋ ಉದಾಸೀನವೋ ಎಂಬ ಜಗಳ ಮುಗಿದಿಲ್ಲ. ಆ ಅಂಕಿಗಳನ್ನು ಮಾತ್ರ ಈಗ ಯಾರೂ ನಂಬುವುದಿಲ್ಲ.

ಐಸ್‌ಲ್ಯಾಂಡಿನಿಂದ ಬಂದ ಒಂದು ಸಂಶೋಧನೆಯನ್ನು ನಾನು ಮೇಷ್ಟ್ರುಗಳ ಜೊತೆ ಮಾತಾಡುವಾಗೆಲ್ಲ ಹೇಳುತ್ತೇನೆ. ತಂದೆ ತಾಯಿಯ ಜೀನುಗಳಲ್ಲಿ ಅರ್ಧ ಮಾತ್ರ ಮಗುವಿಗೆ ಬರುತ್ತದೆ, ಉಳಿದರ್ಧ ಬರುವುದಿಲ್ಲ. ಬಾರದೆ ಉಳಿದ ಆ ಜೀನುಗಳೂ ಮಗುವಿನ ಓದಿನ ಮೇಲೆ ಪರಿಣಾಮ ಮಾಡುತ್ತವೆ, ಬಂದ ಜೀನುಗಳ ಪರಿಣಾಮದ ನೂರಕ್ಕೆ ಸುಮಾರು 30ರಷ್ಟು ಅಂತ ಅಗಸ್ಟೀನ್ ಕಾಂಗ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಮಗುವಿನೊಳಗೆ ಇಲ್ಲದ ಜೀನು ಮಗುವನ್ನು ಓದಿಸುವುದು ಹೇಗೆ? ಅಪ್ಪ ಅಮ್ಮ ಕಟ್ಟಿದ ಮನೆಯ ಮೂಲಕ. ಅವರು ಓದಿದ್ದರು, ಮನೆಯಲ್ಲಿ ಪುಸ್ತಕವಿತ್ತು, ಪರೀಕ್ಷೆಯ ಹಿಂದಿನ ದಿನ ಮಗುವನ್ನು ಸಂತೆಗೆ ಕಳಿಸಲಿಲ್ಲ. ಪ್ರಕೃತಿಯನ್ನು ಅಳೆಯಲು ಹೋದವರ ಕೈಗೆ ಪಾಲನೆ ಸಿಕ್ಕಿತು.

ಶಿಕ್ಷಣದ ಅಧ್ಯಯನ ಮಾಡುವವರಿಗೆ ಇದರಿಂದ ನೇರ ಉಪಯೋಗವಿದೆ. 'ಮನೆಯಲ್ಲಿ ಪುಸ್ತಕವಿದ್ದರೆ ಮಕ್ಕಳು ಚೆನ್ನಾಗಿ ಓದುತ್ತಾರೆ' ಅಂತ ಸಮೀಕ್ಷೆಗಳು ಹೇಳುತ್ತವೆ. ಅದು ಪುಸ್ತಕದ ಗುಣವೋ, ಪುಸ್ತಕ ಕೊಳ್ಳುವಂಥ ಅಪ್ಪ ಅಮ್ಮನಿಂದ ಬಂದ ಜೀನಿನದೋ? ಬಿಡಿಸದೆ ಹೋದರೆ ಸರ್ಕಾರ ಮನೆಮನೆಗೆ ಪುಸ್ತಕ ಹಂಚಿ ಫಲ ಬರಲಿಲ್ಲ ಅಂತ ಕೈಚೆಲ್ಲಬಹುದು. ಡಿಎನ್‌ಎ ಗೊತ್ತಿದ್ದರೆ ಆ ಪಾಲನ್ನು ಕಳೆದು ಉಳಿದದ್ದನ್ನು ನೋಡಬಹುದು. ಮಕ್ಕಳನ್ನು ವಿಂಗಡಿಸಲು ಅಲ್ಲ, ಕಳೆಯಲು. ಕಳೆದ ಮೇಲೆ ಕಾಣುವುದೇ ನೀತಿ ಮಾಡುವವರು ಕೈಹಾಕಬಹುದಾದ ಜಾಗ. ಅಂಥ ಜಾಗ ಹುಡುಕಲು ದೂರ ಹೋಗಬೇಕಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು ಎಂದು ನಂಬಿರುವ ಲಂಬಾಣಿಗರಿಗೆ ಪುಣ್ಯಕ್ಷೇತ್ರ. ತಾಂಡಾದ ಮಗು ಮನೆಯಲ್ಲಿ ಆಡುವುದು ಗೋರ್ ಬೋಲಿ, ಶಾಲೆಯಲ್ಲಿ ಎದುರಾಗುವುದು ಕನ್ನಡ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಅಂತ ಅಪ್ಪ ಅಮ್ಮ ಗುಳೆ ಹೋದರೆ ಮಗುವೂ ಹೋಗುತ್ತದೆ, ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ 'ಗೈ' ಬೀಳುತ್ತದೆ. ಈ ಸಾಲಿನಲ್ಲಿ ಎಲ್ಲಿಯೂ ಜೀನು ಇಲ್ಲ.

ಜೀನಿನ ವಿಷಯ ಶಾಲೆಗೆ ನಿಜವಾಗಿ ಬೇಕಾದ ಒಂದು ಜಾಗವೂ ಇದೆ. ಅಲ್ಲಿ ನಾವು ಹೆಚ್ಚು ಮಾತಾಡುವುದಿಲ್ಲ, ಏಕೆಂದರೆ ಅದು ನಮ್ಮ ಮದುವೆಗಳ ಒಳಗಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಕೊಡುವುದು. ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗಿನವು. ದೇಶದಲ್ಲಿ ತಮಿಳುನಾಡು ಬಿಟ್ಟರೆ ನಾವೇ. ಎಲ್ಲರಲ್ಲೂ ಒಂದಿಷ್ಟು ಕೆಟ್ಟ ಜೀನುಗಳು ಸದ್ದಿಲ್ಲದೆ ಇರುತ್ತವೆ, ಜೋಡಿಯಲ್ಲಿ ಇನ್ನೊಂದು ಸರಿಯಿದ್ದರೆ ತೊಂದರೆಯಿಲ್ಲ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಮಗುವಿನ ಯಾವುದೇ ಒಂದು ಜೋಡಿಯ ಎರಡೂ ಪ್ರತಿ ಒಬ್ಬನೇ ಹಿರಿಯನಿಂದ ಬಂದಿರುವ ಸಾಧ್ಯತೆ 16ರಲ್ಲಿ 1. ಸೋದರಮಾವನಾದರೆ 8ರಲ್ಲಿ 1. ಬಹುಪಾಲು ಮಕ್ಕಳು ಏನೂ ಆಗದೆ ಚೆನ್ನಾಗೇ ಇರುತ್ತಾರೆ. ಆ ನೆಪದಲ್ಲೇ, ಹಾಗೆ ಚೆನ್ನಾಗಿಲ್ಲದ ಮಕ್ಕಳನ್ನು ನಾವು ಎಣಿಸುವುದಿಲ್ಲ.

ಕರ್ನಾಟಕ ಈ ಕೆಲಸದಲ್ಲಿ ಒಂದು ಕಾಲಕ್ಕೆ ಮುಂದಿತ್ತು. ಐಐಎಸ್‌ಸಿಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ ಮೊದಲಾದವರು 1980ರ ದಶಕದಲ್ಲಿ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ತೊಂದರೆಗಳಿಗಾಗಿ ಪರೀಕ್ಷಿಸಿದರು, ಒಂದು ಲಕ್ಷಕ್ಕೂ ಹೆಚ್ಚು ಕೂಸುಗಳನ್ನು. ಭಾರತದಲ್ಲಿ ಇಂಥ ದೊಡ್ಡ ಪ್ರಯತ್ನ ಅದೇ ಮೊದಲು. ಇಂಥ ಕೆಲವು ಕಾಯಿಲೆಗಳನ್ನು ಮೊದಲ ವಾರಗಳಲ್ಲೇ ಹಿಡಿದು ಪಥ್ಯ ಮಾಡಿದರೆ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ, ಬಿಟ್ಟರೆ ಮಿದುಳು ಹಾಳಾಗುತ್ತದೆ. ಜೀನು ಹಾಗೇ ಇದೆ, ಹಣೆಬರಹ ಬದಲಾಯಿತು. ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆಯುವ ವ್ಯವಸ್ಥೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನಚರಿಯಾದರೆ ಅದೇ ದೊಡ್ಡ ಶಿಕ್ಷಣ ನೀತಿ. ಓದಿನ ತೊಡಕೂ ಹೀಗೇ. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿಯುತ್ತದೆ. 2022ರ ಒಂದು ದೊಡ್ಡ ಅಧ್ಯಯನದಲ್ಲಿ ಅದಕ್ಕೆ 42 ಜೀನು ತಾಣಗಳು ಸಿಕ್ಕಿವೆ. ಆದರೆ ಮೇಷ್ಟ್ರ ಕೈಗೆ ಬೇಕಾದದ್ದು ಆ ಪಟ್ಟಿಯಲ್ಲ, ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕನ್ನಡದಲ್ಲೂ ತಯಾರಿಸಿರುವ 'ಡಾಲಿ' ಪರೀಕ್ಷೆ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಮಕ್ಕಳಿಗೂ ನಿಧಾನಕ್ಕೇ ಒಲಿಯುತ್ತವೆ ಅಂತ ಕನ್ನಡದ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ ತೋರಿಸಿದ್ದಾರೆ. ಇಂಗ್ಲಿಷಿನ ಅಳತೆ ಹಿಡಿದರೆ ನಿಧಾನದ ಮಗುವೂ ತೊಡಕಿನ ಮಗುವೂ ಒಂದೇ ಥರ ಕಾಣುತ್ತಾರೆ.

ಕಿವಿಯ ತೊಂದರೆಯೇ ನನಗೆ ಹತ್ತಿರದಿಂದ ಗೊತ್ತು. ಹುಟ್ಟುಕಿವುಡಿನಲ್ಲಿ ಅರ್ಧಕ್ಕೂ ಹೆಚ್ಚು ಜೀನಿನಿಂದ ಬರುವಂಥದ್ದು. ಜಿಜೆಬಿ2 ಎಂಬ ಒಂದೇ ಜೀನಿನ ದೋಷ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಕಾಣುತ್ತದೆ, ಸಾಮಾನ್ಯವಾಗಿ ಎರಡೂ ಪ್ರತಿ ಕೆಟ್ಟಾಗ. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಾತ್ರಿ, ಆರರೊಳಗೆ ಯಂತ್ರವೋ ಚಿಕಿತ್ಸೆಯೋ ಆದರೆ ಮಗುವಿಗೆ ಮಾತು ಬರುತ್ತದೆ. ಮೈಸೂರಿನ ವಾಕ್-ಶ್ರವಣ ಸಂಸ್ಥೆ 1965ರಿಂದ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಬರುತ್ತವೆ. ತೀರಾ ಕಿವುಡಾದ ಮಗು ಹೇಗೋ ಕಣ್ಣಿಗೆ ಬೀಳುತ್ತದೆ. ಅರ್ಧ ಕೇಳಿಸುವ ಮಗು ಬೀಳುವುದಿಲ್ಲ.

ನ್ಯಾಮತಿ ಕಡೆಯ ಸರ್ಕಾರಿ ಶಾಲೆಯಲ್ಲಿ ಗುರುತಿನ ಮೇಡಂ ಒಬ್ಬರಿದ್ದಾರೆ, ನಲಿ-ಕಲಿ ತರಗತಿ ಅವರದು. ಎರಡನೇ ತರಗತಿಯ ಒಬ್ಬ ಹುಡುಗ ಬೆಳಿಗ್ಗೆ ಮುಂದೆ ಕೂತಾಗ ಚುರುಕಾಗಿದ್ದು, ಅವರು ಬೋರ್ಡಿಗೆ ತಿರುಗಿ ಬರೆಯುತ್ತಾ ಹೇಳಿಕೊಟ್ಟರೆ ಮಂಕಾಗುತ್ತಿದ್ದನಂತೆ. "ತಲೆಗೆ ಹತ್ತಲ್ಲ ಅಂತ ನಾನೇ ಬರೆದಿದ್ದೆ ಸರ್, ಪ್ರಗತಿ ಪತ್ರದಾಗೆ." ಒಂದು ದಿನ ಕೆಮ್ಮು ಅಂತ ಬಾಯಿಗೆ ಸೆರಗು ಅಡ್ಡ ಹಿಡಿದು ಪಾಠ ಮಾಡಿದರು. ಅವತ್ತಿಡೀ ಅವನು ಒಂದು ಪ್ರಶ್ನೆಗೂ ತುಟಿ ಬಿಚ್ಚಲಿಲ್ಲ. ಮೇಡಂ ಆಗ ತಿಳಿದರು: ಅವನು ಇಷ್ಟು ದಿನ ಕೇಳುತ್ತಿರಲಿಲ್ಲ, ಅವರ ತುಟಿ ಓದುತ್ತಿದ್ದ. ಅವನ ಅಮ್ಮನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಕಿವಿಗೆ ಕಾರಣ ಜೀನೋ, ಎಳವೆಯಲ್ಲಿ ಕಿವಿ ಸೋರಿದ್ದೋ ಯಾರೂ ಪರೀಕ್ಷಿಸಿ ನೋಡಿಲ್ಲ. ಎರಡೂ ಕಿವಿಗೆ ಯಂತ್ರ ಬಂತು. ಬಂದ ಮೊದಲ ವಾರ ಬೆಲ್ಲು ಹೊಡೆದಾಗೆಲ್ಲ ಬೆಚ್ಚಿ ಎದ್ದು ನಿಲ್ಲುತ್ತಿದ್ದನಂತೆ.

ಈಗ ಆ ಮೇಡಂ ಪ್ರತಿ ಜೂನ್‌ನಲ್ಲಿ, ಹೊಸ ಮಕ್ಕಳು ಬಂದ ಎರಡನೇ ವಾರ, ಒಬ್ಬೊಬ್ಬರನ್ನೇ ಗೋಡೆ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಾರೆ. ಹಿಂದೆ ಎರಡು ಮಾರು ದೂರದಲ್ಲಿ ನಿಂತು, ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು, ಪಿಸುಮಾತಿನಲ್ಲಿ ಹೆಸರು ಕರೆಯುತ್ತಾರೆ. ತಿರುಗಿ ನೋಡದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ತಪಾಸಣೆಯ ಜೀಪು ಬರುವವರೆಗೆ ಪುಸ್ತಕದ ರಟ್ಟಿನೊಳಗೆ ಸಿಗಿಸಿಟ್ಟಿರುತ್ತಾರೆ. ಈ ವರ್ಷದ ಚೀಟಿಯಲ್ಲಿ ಎರಡು ಹೆಸರಿದ್ದವು.